ಬಾಂಡುಂಗ್ ಪಕ್ಕದ ಸುಂಡಾ ಹಳ್ಳಿ: ಇರೋದು ಸುಲಭ, ಜಮೀನು ಕೊಳ್ಳೋದು ಅಲ್ಲ

ವೀಕೆಂಡ್ ಬಂತು ಅಂದ್ರೆ ಬೆಂಗಳೂರಿನವರು ನಂದಿ ಬೆಟ್ಟ, ಸಕಲೇಶಪುರ ಅಂತ ಗಾಡಿ ತಿರುಗಿಸುವ ಹಾಗೆ ಜಕಾರ್ತದವರು ಬಾಂಡುಂಗ್ ಕಡೆ ಹೊರಡುತ್ತಾರೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರ, ಸುತ್ತ ಜ್ವಾಲಾಮುಖಿ ಬೆಟ್ಟಗಳು, ಸಂಜೆಯಾದರೆ ಸ್ವೆಟರ್ ಹುಡುಕುವ ಚಳಿ. ಎರಡು ದಿನ ಇದ್ದು ವಾಪಸ್ ಹೊರಡುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಇಲ್ಲೇ ಒಂದು ಸಣ್ಣ ಜಾಗ ತಗೊಂಡು ಇದ್ದುಬಿಡೋಣ್ವಾ?"

ಇಂಡೋನೇಷ್ಯಾದಲ್ಲಿ ಕೆಲಸಕ್ಕಿರುವ ಭಾರತೀಯರಿಗೂ ಈ ಯೋಚನೆ ಬರುತ್ತದೆ. ಪಶ್ಚಿಮ ಜಾವಾದ ಪುರ್ವಕರ್ತಾದಲ್ಲಿ ಭಾರತೀಯ ಮೂಲದವರು ಕಟ್ಟಿದ ದೊಡ್ಡ ಜವಳಿ ಕಾರ್ಖಾನೆಗಳೇ ಇವೆ. 1955ರ ಏಪ್ರಿಲ್‌ನಲ್ಲಿ ನೆಹರೂ ಅವರು ಭಾಗವಹಿಸಿದ ಏಷ್ಯಾ-ಆಫ್ರಿಕಾ ಸಮ್ಮೇಳನ ನಡೆದದ್ದು ಇದೇ ಬಾಂಡುಂಗ್‌ನಲ್ಲಿ. ಹಾಗಾಗಿ ಊರಿನ ಹೆಸರು ನಮಗೆ ಹೊಸದಲ್ಲ. ಆದರೆ ಅದರ ಸುತ್ತಲಿನ ಹಳ್ಳಿಯಲ್ಲಿ ಬದುಕು ಹೇಗಿರುತ್ತದೆ, ದುಡ್ಡು ಹಾಕಿದರೆ ಏನಾಗುತ್ತದೆ ಎಂಬುದು ಬೇರೆಯೇ ವಿಷಯ.

ಊರಿನ ಹೆಸರಲ್ಲೇ ನೀರು

ಇಲ್ಲಿನ ಜನ ಸುಂಡಾ ಸಮುದಾಯದವರು. ಇಂಡೋನೇಷ್ಯಾದಲ್ಲಿ ಜಾವಾನೀಯರ ನಂತರ ದೊಡ್ಡ ಸಮುದಾಯ ಇವರದೇ, ಸುಮಾರು 4 ಕೋಟಿ ಜನ. ಇವರ ಭಾಷೆಯೂ ಬೇರೆ. ಊರುಗಳ ಹೆಸರು ನೋಡಿ: ಚಿಮಾಹಿ, ಚಿಯಾಂಜುರ್, ಚಿವಿಡೇ, ಚಿಸಾರುವಾ. ಈ 'ಚಿ' ಅಂದರೆ ನೀರು, ಹೊಳೆ. ನಮ್ಮಲ್ಲಿ ಕೆರೆ, ಹಳ್ಳ, ಹೊಳೆ ಅಂತ ಊರ ಹೆಸರು ಮುಗಿದರೆ ಅವರಲ್ಲಿ ನೀರಿನಿಂದಲೇ ಹೆಸರು ಶುರು.

ಬಾಂಡುಂಗ್‌ನ ಉತ್ತರಕ್ಕೆ ಲೆಂಬಾಂಗ್, ಪಾರೊಂಗ್‌ಪೊಂಗ್ ಕಡೆ ತರಕಾರಿ, ಹೂವು, ಹಾಲು. ದಕ್ಷಿಣದ ಚಿವಿಡೇಯಲ್ಲಿ ಸ್ಟ್ರಾಬೆರಿ, ಪಂಗಲೆಂಗಾನ್‌ನಲ್ಲಿ ಟೀ ತೋಟ. ಅಲ್ಲಿನ ಒಂದು ಬೆಟ್ಟದ ಹೆಸರು ಮಲಬಾರ್! ಕಾಫಿಗೂ ನಮಗೂ ಇಲ್ಲೊಂದು ನಂಟಿದೆ. ಹದಿನೇಳನೇ ಶತಮಾನದ ಕೊನೆಯಲ್ಲಿ ಡಚ್ಚರು ಜಾವಾಕ್ಕೆ ಕಾಫಿ ಸಸಿ ತರಿಸಿದ್ದು ನಮ್ಮ ಪಶ್ಚಿಮ ಕರಾವಳಿಯ ಮಲಬಾರಿನಿಂದ. ಆಮೇಲೆ ಇದೇ ಬೆಟ್ಟಗಳ ರೈತರಿಂದ ಕಡ್ಡಾಯವಾಗಿ ಕಾಫಿ ಬೆಳೆಸಿದರು. ಹೊರಗಿನವರು ಬಂದು ಈ ಮಣ್ಣಿನಲ್ಲಿ ಲಾಭ ನೋಡಿದ ಕಥೆ ತುಂಬ ಹಳೆಯದು.

ಈಗ ದೂರವೂ ಕಡಿಮೆಯಾಗಿದೆ. 2005ರಲ್ಲಿ ಟೋಲ್ ರಸ್ತೆ ಬಂತು. 2023ರ ಅಕ್ಟೋಬರ್‌ನಲ್ಲಿ 'ವೂಶ್' ಎಂಬ ಹೈಸ್ಪೀಡ್ ರೈಲು ಶುರುವಾಯಿತು. 142 ಕಿಲೋಮೀಟರ್ ದಾರಿ, ಗಂಟೆಗೆ 350 ಕಿಲೋಮೀಟರ್‌ವರೆಗೆ ವೇಗ. ಜಕಾರ್ತದ ಹಲೀಮ್‌ನಲ್ಲಿ ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಬಾಂಡುಂಗ್ ಕಡೆಯ ಕೊನೆಯ ಸ್ಟೇಷನ್. ಅದಕ್ಕೂ ಮುಂಚೆ ಸಿಗುವ ಪಡಲಾರಾಂಗ್‌ನಲ್ಲಿ ಇಳಿದರೆ ಹಳ್ಳಿಗಳು ಪಕ್ಕದಲ್ಲೇ. ರೈಲು ಬಂದ ಕಡೆ ಬ್ರೋಕರ್‌ಗಳೂ ಬರುತ್ತಾರೆ, ಇದನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ.

'ಪುಂತೆನ್' ಗೊತ್ತಿದ್ದರೆ ಅರ್ಧ ಕೆಲಸ ಆಯ್ತು

ಸುಂಡಾ ಹಳ್ಳಿಯಲ್ಲಿ ಯಾರಾದರೂ ಜಗಲಿ ಮೇಲೆ ಕೂತಿದ್ದಾಗ ಸುಮ್ಮನೆ ಮುಂದೆ ಹಾದುಹೋಗುವಂತಿಲ್ಲ. ಸ್ವಲ್ಪ ಬಗ್ಗಿ "ಪುಂತೆನ್" ಅನ್ನಬೇಕು. ಅವರು "ಮಂಗ್ಗಾ" ಅನ್ನುತ್ತಾರೆ, ಬನ್ನಿ, ಹೋಗಿ ಎಂಬ ಅರ್ಥದಲ್ಲಿ. ಗಂಡಸರನ್ನು 'ಕಾಂಗ್', ಹೆಂಗಸರನ್ನು 'ತೇಹ್' ಅಂತ ಕರೆಯುವುದು ರೂಢಿ. ನಮ್ಮ ಅಣ್ಣ, ಅಕ್ಕ ಇದ್ದ ಹಾಗೆ. ದೊಡ್ಡವರ ಜೊತೆ ಮಾತಾಡುವ ಪದಗಳೇ ಬೇರೆ, ಗೆಳೆಯರ ಜೊತೆ ಬೇರೆ. ಅದನ್ನೆಲ್ಲ ಕಲಿಯಲು ವರ್ಷಗಳೇ ಬೇಕು. ಆದರೆ ಪುಂತೆನ್ ಮತ್ತು 'ಹತುರ್ ನುಹುನ್', ಅಂದರೆ ಧನ್ಯವಾದ, ಇವೆರಡನ್ನು ಮೊದಲ ದಿನವೇ ಕಲಿಯಬಹುದು.

ಎರಡನೇ ಕೆಲಸ, ಪಾಕ್ ಆರ್‌ಟಿ ಅವರನ್ನು ನೋಡುವುದು. ಒಂದಷ್ಟು ಮನೆಗಳ ಗುಂಪಿಗೆ ಆರ್‌ಟಿ ಅನ್ನುತ್ತಾರೆ, ಅದಕ್ಕೊಬ್ಬ ಮುಖ್ಯಸ್ಥ. ಎರಡನೇ ಮಹಾಯುದ್ಧದ ಜಪಾನ್ ಆಳ್ವಿಕೆಯಲ್ಲಿ ಬೇರುಬಿಟ್ಟ ಈ ವ್ಯವಸ್ಥೆ ಇವತ್ತಿಗೂ ಗಟ್ಟಿಯಾಗಿದೆ. ಹೊಸಬರು, ನೆಂಟರು ಬಂದರೆ 24 ಗಂಟೆಯೊಳಗೆ ತಿಳಿಸಬೇಕು ಎಂಬ ಬೋರ್ಡು ಬಹಳ ಕಡೆ ಕಾಣುತ್ತದೆ. ರಾತ್ರಿ ಗಸ್ತು, ಭಾನುವಾರದ ಚರಂಡಿ ಕ್ಲೀನಿಂಗ್, ಸಾವು-ಮದುವೆಗೆ ಕೈಜೋಡಿಸುವುದು, ಎಲ್ಲವೂ ಇಲ್ಲಿಂದಲೇ. "ನಾನು ದುಡ್ಡು ಕೊಡ್ತೀನಿ, ಬರಲ್ಲ" ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ನೀವು ಹೊರಗಿನವರಾಗಿಯೇ ಉಳಿಯುತ್ತೀರಿ.

ಕೆಲವು ಊರುಗಳಲ್ಲಿ 'ಬೆಯಾಸ್ ಪೆರೆಲೆಕ್' ಎಂಬ ಪದ್ಧತಿ ಇದೆ. ಪ್ರತಿ ಮನೆ ಮುಂದಿನ ಸಣ್ಣ ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ಹಾಕಿಡುತ್ತಾರೆ. ಸೇರಿದ ಅಕ್ಕಿ ಕಷ್ಟದಲ್ಲಿರುವವರಿಗೆ ಹೋಗುತ್ತದೆ. ಹೆಂಗಸರ 'ಆರಿಸಾನ್' ಅಂತೂ ನಮ್ಮ ಚೀಟಿಯೇ. ತಿಂಗಳಿಗಿಷ್ಟು ಕಟ್ಟಿ, ಒಬ್ಬೊಬ್ಬರ ಹೆಸರು ಎತ್ತುವುದು. ಜೊತೆಗೆ ಹರಟೆ, ತಿಂಡಿ. ಊರಿನ ಸುದ್ದಿ ಸಿಗುವುದೂ ಅಲ್ಲೇ.

ಊಟ? ಹಸಿ ತರಕಾರಿ, ಸೊಪ್ಪು, ಸಂಬಾಲ್ ಚಟ್ನಿ, ಅನ್ನ. ಹಸಿ ಸೊಪ್ಪಿಗೆ 'ಲಾಲಾಪಾನ್' ಅನ್ನುತ್ತಾರೆ. ಬಾಳೆಲೆ ಉದ್ದಕ್ಕೆ ಹಾಸಿ ಎಲ್ಲರೂ ಒಟ್ಟಿಗೆ ತಿನ್ನುವುದು 'ಬೊತ್ರಾಮ್'. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ: ಸಂಬಾಲ್‌ನಲ್ಲಿ ಹೆಚ್ಚಾಗಿ ಸೀಗಡಿಯಿಂದ ಮಾಡುವ 'ತೆರಾಸಿ' ಇರುತ್ತದೆ, ಮೊದಲೇ ಕೇಳಿ. ತೋಫು, ಟೆಂಪೆ, ಅಕ್ಕಿಹಿಟ್ಟಿನ ಸುರಾಬಿ, ಶುಂಠಿ-ಬೆಲ್ಲದ ಬಂದ್ರೆಕ್ ಎಲ್ಲೆಲ್ಲೂ ಸಿಗುತ್ತವೆ.

ಗುಂಟೆಯಲ್ಲ, ತುಂಬಾಕ್

ಈಗ ಜಮೀನಿನ ವಿಷಯ. ಇಲ್ಲಿನ ಹಳ್ಳಿಯವರು 'ತುಂಬಾಕ್' ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ತುಂಬಾಕ್ ಅಂದರೆ ಸುಮಾರು 14 ಚದರ ಮೀಟರ್. ನಮ್ಮ ಒಂದು ಗುಂಟೆಗೆ ಏಳು ತುಂಬಾಕ್ ಅಂತ ಇಟ್ಟುಕೊಳ್ಳಿ.

ಕಾಗದಪತ್ರದಲ್ಲಿ ಮೂರು ಮೆಟ್ಟಿಲು. 'ಗಿರಿಕ್' ಎಂಬುದು ಹಳೆಯ ಕಂದಾಯದ ದಾಖಲೆ. 'ಎಜೆಬಿ' ಅಂದರೆ ಅಧಿಕೃತ ಅಧಿಕಾರಿಯ ಎದುರು ಆಗುವ ಕ್ರಯಪತ್ರ. ಕೊನೆಯದು ಭೂ ಇಲಾಖೆ ಕೊಡುವ 'ಸೆರ್ತಿಫಿಕಾತ್', ಅದೇ ನಿಜವಾದ ಹಕ್ಕುಪತ್ರ. ಗಿರಿಕ್‌ನಂಥ ಹಳೆಯ ಕಾಗದ ಇರುವವರು ನೋಂದಣಿ ಮಾಡಿಸಿಕೊಳ್ಳಲು 2021ರ ಸರ್ಕಾರಿ ನಿಯಮ ಐದು ವರ್ಷದ ಗಡುವು ಕೊಟ್ಟಿತ್ತು. ಅದು 2026ರ ಫೆಬ್ರವರಿಗೆ ಮುಗಿದಿದೆ. "ಗಿರಿಕ್ ಇದೆ ಸಾರ್, ರೇಟು ಕಡಿಮೆ" ಅಂತ ಯಾರಾದರೂ ಅಂದರೆ ಆ ಕಡಿಮೆ ರೇಟಿನ ಕಾರಣ ಅದೇ.

ಕೊಳ್ಳುವವರಿಗೆ ವಿನಾಯಿತಿ ಮೊತ್ತ ಕಳೆದು ಶೇ 5ರವರೆಗೆ ತೆರಿಗೆ, ಮಾರುವವರಿಗೆ ಶೇ 2.5. ಇದನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.

ಹೊರದೇಶದವರಿಗೆ ಗೇಟು ಎಲ್ಲಿ?

1960ರ ಮೂಲ ಭೂ ಕಾಯ್ದೆ ಪ್ರಕಾರ ಪೂರ್ಣ ಒಡೆತನ, ಅಂದರೆ 'ಹಕ್ ಮಿಲಿಕ್', ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ಅಲ್ಲಿ ವಾಸದ ಪರವಾನಗಿ ಇರುವ ವಿದೇಶಿಯರು 'ಹಕ್ ಪಕಾಯ್', ಅಂದರೆ ಬಳಕೆ ಹಕ್ಕಿನ ಮನೆ ಪಡೆಯಬಹುದು. 30 ವರ್ಷ, ಮುಂದುವರಿಕೆ 20, ನವೀಕರಣ 30. ಅದಕ್ಕೂ ಪ್ರಾಂತ್ಯವಾರು ಕನಿಷ್ಠ ಬೆಲೆ ಇದೆ. ಹಳ್ಳಿಯ ಸಣ್ಣ ಮನೆ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಕಂಪನಿ ಮಾಡಿಕೊಂಡು ಹೋಗೋಣ ಅಂದರೆ, ವಿದೇಶಿ ಬಂಡವಾಳದ ಕಂಪನಿ ಜಾಗ ಮತ್ತು ಕಟ್ಟಡ ಬಿಟ್ಟು 1,000 ಕೋಟಿ ರೂಪಿಯಾಗಿಂತ ಹೆಚ್ಚು ಹೂಡಬೇಕು. ನಮ್ಮ ಲೆಕ್ಕದಲ್ಲಿ 5 ಕೋಟಿ ರೂಪಾಯಿ ದಾಟುತ್ತದೆ. ಸಂಬಳದವರ ಮಾತಲ್ಲ.

ಆಗ ಬರುವ ಸಲಹೆಯೇ ಬೇನಾಮಿ. "ಡ್ರೈವರ್ ಹೆಸರಲ್ಲಿ ಮಾಡಿಸಿ, ಪಕ್ಕದಲ್ಲಿ ಒಂದು ಅಗ್ರಿಮೆಂಟ್ ಬರೆಸಿಕೊಳ್ಳಿ." ಇದೇ ಕಾಯ್ದೆಯ 26ನೇ ವಿಧಿ ಇದಕ್ಕೆ ನೇರವಾಗಿ ಉತ್ತರ ಕೊಡುತ್ತದೆ: ನೇರವಾಗಿ ಆಗಲಿ, ಸುತ್ತುದಾರಿಯಲ್ಲಾಗಲಿ ವಿದೇಶಿಯರಿಗೆ ಜಮೀನು ವರ್ಗಾಯಿಸುವ ವ್ಯವಹಾರ ಅಸಿಂಧು, ಜಮೀನು ಸರ್ಕಾರಕ್ಕೆ, ಕೊಟ್ಟ ಹಣ ವಾಪಸ್ ಕೇಳುವಂತಿಲ್ಲ.

ಅಲ್ಲಿನವರನ್ನು ಮದುವೆಯಾದ ಭಾರತೀಯರಿಗೆ ಇನ್ನೊಂದು ಸೂಕ್ಷ್ಮ. ಆಸ್ತಿ ಬೇರೆಬೇರೆ ಎಂಬ ಒಪ್ಪಂದ ಇಲ್ಲದಿದ್ದರೆ ದಂಪತಿಯ ಆಸ್ತಿ ಜಂಟಿ ಆಗುತ್ತದೆ. ಆಗ ಇಂಡೋನೇಷ್ಯಾದ ಹೆಂಡತಿ ಅಥವಾ ಗಂಡನಿಗೂ ಹಕ್ ಮಿಲಿಕ್ ತೊಡಕಾಗುತ್ತದೆ. ಮೊದಲು ಈ ಒಪ್ಪಂದ ಮದುವೆಗೆ ಮುಂಚೆಯೇ ಆಗಬೇಕಿತ್ತು. ಸಂವಿಧಾನ ನ್ಯಾಯಾಲಯದ 2016ರ ತೀರ್ಪಿನ ನಂತರ ಮದುವೆಯಾದ ಮೇಲೂ ಮಾಡಿಕೊಳ್ಳಬಹುದು.

ಅಲ್ಲಿಯವರೇ ಆದರೂ ಗದ್ದೆ ಸುಲಭವಲ್ಲ

ಜಕಾರ್ತದ ಇಂಡೋನೇಷ್ಯನ್ನರಿಗೂ ನಿಯಮಗಳಿವೆ. 1961ರ ನಿಯಮದ ಪ್ರಕಾರ ಕೃಷಿ ಜಮೀನಿನ ಮಾಲೀಕರು ಅದೇ ಕೆಚಮತಾನ್‌ನಲ್ಲಿ, ಅಂದರೆ ಹೆಚ್ಚುಕಮ್ಮಿ ನಮ್ಮ ಹೋಬಳಿಯಂಥ ಪ್ರದೇಶದಲ್ಲಿ, ಅಥವಾ ಪಕ್ಕದ್ದರಲ್ಲಿ ವಾಸ ಇರಬೇಕು. ಪಾಲನೆ ಸಡಿಲ, ಆದರೆ ಕಾನೂನು ಪುಸ್ತಕದಲ್ಲಿದೆ. ಕರ್ನಾಟಕ 2020ರಲ್ಲಿ 79ಎ, 79ಬಿ ತೆಗೆದು ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ದಾರಿ ಮಾಡಿಕೊಟ್ಟಿದ್ದನ್ನು ನೆನಪಿಸಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ಇದರ ಜೊತೆಗೆ 2009ರ ಕಾಯ್ದೆಯಡಿ ಗುರುತಿಸಿದ ಆಹಾರ ಬೆಳೆಯ ಗದ್ದೆಯಲ್ಲಿ ಮನೆ ಕಟ್ಟುವಂತಿಲ್ಲ.

ಹಾಗಾದರೆ ಗದ್ದೆಯನ್ನು ಗದ್ದೆಯಾಗಿಯೇ ಇಟ್ಟರೆ? ಲೆಕ್ಕ ಹಾಕೋಣ. 100 ತುಂಬಾಕ್ ಅಂದರೆ 1,400 ಚದರ ಮೀಟರ್, ಸುಮಾರು 14 ಗುಂಟೆ. ಹೆಕ್ಟೇರಿಗೆ 5 ಟನ್ ಭತ್ತ ಅಂತ ಹಿಡಿದರೆ ಒಂದು ಬೆಳೆಗೆ 700 ಕೆಜಿ, ಎರಡು ಬೆಳೆಗೆ 1,400 ಕೆಜಿ. ಉಳುವವರಿಗೆ ಅರ್ಧ ಕೊಡುವ 'ಮಾರೊ' ಪದ್ಧತಿಯಲ್ಲಿ ಮಾಲೀಕರಿಗೆ 700 ಕೆಜಿ. ಕೊಯ್ಲಿನ ಭತ್ತಕ್ಕೆ 2025ರಲ್ಲಿ ಸರ್ಕಾರದ ಖರೀದಿ ಬೆಲೆ ಕೆಜಿಗೆ 6,500 ರೂಪಿಯಾ. ಒಟ್ಟು 45.5 ಲಕ್ಷ ರೂಪಿಯಾ. ನಮ್ಮ ದುಡ್ಡಲ್ಲಿ ಸುಮಾರು 24-25 ಸಾವಿರ ರೂಪಾಯಿ, ಅದೂ ಇಡೀ ವರ್ಷಕ್ಕೆ, ಖರ್ಚು ಕಳೆಯುವ ಮುಂಚೆ. ಲಾಭ ಬರಬೇಕಾದರೆ ಜಮೀನಿನ ರೇಟೇ ಏರಬೇಕು, ಬೆಳೆಯಿಂದ ಬರುವುದಿಲ್ಲ.

'ಗದಾಯ್' ಅಂತ ಇನ್ನೊಂದು ಪದ್ಧತಿ ಇದೆ, ಥೇಟ್ ನಮ್ಮ ಭೋಗ್ಯ. ರೈತರಿಗೆ ಒಟ್ಟು ಮೊತ್ತ ಕೊಟ್ಟು, ಅವರು ಹಣ ತೀರಿಸುವವರೆಗೆ ಗದ್ದೆಯ ಫಸಲು ತೆಗೆದುಕೊಳ್ಳುವುದು. ಕಷ್ಟದಲ್ಲಿರುವವರು ವರ್ಷಗಟ್ಟಲೆ ಗದ್ದೆ ಬಿಡಿಸಿಕೊಳ್ಳಲಾಗದೆ ಇರುತ್ತಿದ್ದರು. ಅದಕ್ಕೇ 1960ರ ಕಾನೂನು, ಏಳು ವರ್ಷ ದಾಟಿದ ಗದಾಯ್ ಜಮೀನನ್ನು ಹಣ ಕೇಳದೆ ವಾಪಸ್ ಕೊಡಬೇಕು ಅನ್ನುತ್ತದೆ.

ಮಾರಿದ ಮೇಲೆ ಊರಿಗೇನಾಗುತ್ತದೆ

ಒಂದು ಗದ್ದೆ ವಿಲ್ಲಾ ಆದರೆ ಮಾಲೀಕರಿಗೆ ದುಡ್ಡು ಸಿಗುತ್ತದೆ. ಆದರೆ ಅದೇ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದವರಿಗೆ ಏನೂ ಸಿಗುವುದಿಲ್ಲ. ಕೊಯ್ಲಿಗೆ ಬಂದು ಭತ್ತದಲ್ಲೇ ಕೂಲಿ ಪಡೆಯುತ್ತಿದ್ದ ಹೆಂಗಸರಿಗೂ ಇಲ್ಲ. ಮೆಟ್ಟಿಲು ಗದ್ದೆಗಳಲ್ಲಿ ನೀರು ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ. ನಡುವೆ ಒಂದು ಕಾಂಪೌಂಡ್ ಗೋಡೆ ಎದ್ದರೆ ಕೆಳಗಿನವರ ಕಾಲುವೆ, ಮನೆ ಹಿಂದಿನ ಮೀನು ಕೊಳ ಎರಡಕ್ಕೂ ತೊಂದರೆ. ವಿಲ್ಲಾದಲ್ಲಿ ತೋಟದ ಕೆಲಸ, ಕಾವಲು ಕೆಲಸ ಒಬ್ಬಿಬ್ಬರಿಗೆ ಸಿಗಬಹುದು, ಅಷ್ಟೇ.

ಇದು ಹಳ್ಳಿಗಷ್ಟೇ ಸೀಮಿತವಲ್ಲ. ಉತ್ತರ ಬಾಂಡುಂಗ್‌ನ ಇಳಿಜಾರು ಇಡೀ ನಗರಕ್ಕೆ ನೀರು ಇಂಗುವ ಜಾಗ. ಅಲ್ಲಿ ಕಾಂಕ್ರೀಟ್ ಹೆಚ್ಚಾದಷ್ಟೂ ಮಳೆನೀರು ಕೆಳಗೆ ನುಗ್ಗುತ್ತದೆ. ದಕ್ಷಿಣದ ದಾಯೆಉಕೊಲೊಟ್, ಬಲೆಎಂಡಾ ಕಡೆ ಚಿತಾರುಮ್ ನದಿ ಉಕ್ಕಿ ಮನೆಗಳಿಗೆ ನೀರು ನುಗ್ಗುವುದು ಪದೇಪದೇ ಆಗುವ ಕಥೆ. ಹಾಗಾಗಿಯೇ ಪ್ರಾಂತ್ಯ ಸರ್ಕಾರ 2008ರಲ್ಲಿ, ಮತ್ತೆ 2016ರಲ್ಲಿ ಉತ್ತರ ಬಾಂಡುಂಗ್‌ನಲ್ಲಿ ಕಟ್ಟಡಗಳಿಗೆ ಕಡಿವಾಣ ಹಾಕುವ ಕಾನೂನು ತಂದಿತು.

ಇನ್ನು ನೆಲದ ಕೆಳಗೆ. ಲೆಂಬಾಂಗ್ ಬಳಿ ಸುಮಾರು 29 ಕಿಲೋಮೀಟರ್ ಉದ್ದದ ಭೂಬಿರುಕು ಹಾದುಹೋಗಿದೆ. ಅದಕ್ಕೆ 6.5ರಿಂದ 7ರ ತೀವ್ರತೆಯ ಕಂಪನದ ಶಕ್ತಿ ಇದೆ ಎಂಬುದು ತಜ್ಞರ ಅಂದಾಜು. 2022ರ ನವೆಂಬರ್ 21ರಂದು ಪಕ್ಕದ ಚಿಯಾಂಜುರ್‌ನಲ್ಲಿ ಬರೀ 5.6ರ ಭೂಕಂಪಕ್ಕೆ 300ಕ್ಕೂ ಹೆಚ್ಚು ಜನ ಸತ್ತರು. ಕಂಪನದ ಕೇಂದ್ರ ಮೇಲ್ಮಟ್ಟದಲ್ಲಿತ್ತು, ಮನೆಗಳು ಗಟ್ಟಿ ಇರಲಿಲ್ಲ, ಗುಡ್ಡವೂ ಕುಸಿಯಿತು. 'ವ್ಯಾಲಿ ವ್ಯೂ' ಅಂತ ಬ್ರೋಕರ್ ತೋರಿಸುವ ಜಾಗ ಅನೇಕ ಸಲ ಇಂಥದ್ದೇ ಇಳಿಜಾರಿನ ಅಂಚು.

ಹಾಗಾದ್ರೆ ಏನು ಮಾಡಬಹುದು?

- ಮೊದಲು ಬಾಡಿಗೆಗೆ ಇರಿ. ಹಳ್ಳಿಯಲ್ಲಿ 'ಕೊಂತ್ರಾಕ್' ಅಂದರೆ ಸಾಮಾನ್ಯವಾಗಿ ಒಂದು ವರ್ಷದ ಬಾಡಿಗೆ ಒಟ್ಟಿಗೆ ಕೊಡುವುದು. ಒಂದು ಮಳೆಗಾಲ ಪೂರ್ತಿ ಅಲ್ಲೇ ಕಳೆದರೆ ರಸ್ತೆ, ನೀರು, ನೆಟ್‌ವರ್ಕ್, ಗುಡ್ಡ ಎಲ್ಲದರ ಬಣ್ಣ ಗೊತ್ತಾಗುತ್ತದೆ.
- ವೀಸಾ ನೋಡಿಕೊಳ್ಳಿ. ಭಾರತೀಯರಿಗೆ ಏರ್‌ಪೋರ್ಟ್‌ನಲ್ಲಿ ಸಿಗುವ ವೀಸಾ 30 ದಿನ, ಒಮ್ಮೆ ಮಾತ್ರ ಇನ್ನೂ 30 ದಿನ ಮುಂದುವರಿಸಬಹುದು. ಅದರಲ್ಲಿ ಕೆಲಸ ಮಾಡುವಂತಿಲ್ಲ.
- ಇಲ್ಲಿಯವರನ್ನು ಮದುವೆಯಾಗಿದ್ದರೆ ಜಮೀನಿಗಿಂತ ಮೊದಲು ಆಸ್ತಿ ಒಪ್ಪಂದ, ಆಮೇಲೆ ಸೆರ್ತಿಫಿಕಾತ್ ಪರಿಶೀಲನೆ. ಭೂ ಇಲಾಖೆಯ ದಾಖಲೆ ನೋಡದೆ ಅಡ್ವಾನ್ಸ್ ಬೇಡ.
- ಜಾಗದ ವಲಯ ಕೇಳಿ. ರಕ್ಷಿತ ಗದ್ದೆಯೇ, ಉತ್ತರ ಬಾಂಡುಂಗ್ ನಿರ್ಬಂಧದೊಳಗೆ ಬರುತ್ತದೆಯೇ, ಭೂಬಿರುಕಿನಿಂದ ಎಷ್ಟು ದೂರ ಎಂಬುದು ಬರಹದಲ್ಲಿ ಸಿಗಬೇಕು.
- ಊರಿಗೆ ಈಗಾಗಲೇ ಗೊತ್ತಿರುವ ಕೆಲಸ ಗಮನಿಸಿ. ಲೆಂಬಾಂಗ್‌ನ ಹಾಲು ಉತ್ಪಾದಕರ ಸಹಕಾರ ಸಂಘ 1971ರಿಂದ, ಪಂಗಲೆಂಗಾನ್‌ನದು 1969ರಿಂದ ನಡೆಯುತ್ತಿದೆ. ನಮ್ಮ ಹಳ್ಳಿಯ ಡೇರಿ ನೋಡಿದವರಿಗೆ ಇದು ಅರ್ಥವಾಗುವ ಲೋಕ. ಅಲ್ಲಿನ ಹಾಲು, ಕಾಫಿ, ತರಕಾರಿಗೆ ಒಳ್ಳೆ ಬೆಲೆಯ ಗಿರಾಕಿ ಹುಡುಕಿಕೊಡುವ ವ್ಯವಹಾರಕ್ಕೆ ಯಾರ ಗದ್ದೆಯನ್ನೂ ಕೊಳ್ಳಬೇಕಿಲ್ಲ. ಪರವಾನಗಿ ಮಾತ್ರ ಸರಿಯಾಗಿರಬೇಕು.

ಇಷ್ಟಾದ ಮೇಲೂ ಜಾಗ ತಗೊಳ್ಳಲೇಬೇಕು ಅನ್ನಿಸಿದರೆ, ಬ್ರೋಕರ್‌ಗಿಂತ ಮುಂಚೆ ಪಾಕ್ ಆರ್‌ಟಿ ಮನೆಗೆ ಹೋಗಿ. ಪುಂತೆನ್ ಅಂದು ಕೂತು ಮೂರು ಪ್ರಶ್ನೆ ಕೇಳಿ: ಈ ಗದ್ದೆಯನ್ನು ಈಗ ಉಳುತ್ತಿರುವವರು ಯಾರು? ಇದರ ನೀರು ಮುಂದೆ ಯಾರ ಗದ್ದೆಗೆ ಹೋಗುತ್ತದೆ? ಮಾರುವವರು ಯಾಕೆ ಮಾರುತ್ತಿದ್ದಾರೆ? ಮಗಳ ಮದುವೆಗೋ, ಆಸ್ಪತ್ರೆ ಖರ್ಚಿಗೋ ಮಾರುತ್ತಿದ್ದಾರೆ ಅಂತಾದರೆ, ಚೌಕಾಸಿ ಮಾಡುವ ಮುಂಚೆ ಒಂದು ರಾತ್ರಿ ಯೋಚಿಸಿ.