ಕಣ್ಣಿಗೂ ಅಕ್ಷರಾಭ್ಯಾಸ ಬೇಕು

ಸೇವೆಯಲ್ಲಿದ್ದಾಗ ಒಮ್ಮೆ ವೆಚ್ಚ ಕಡಿತದ ಕಡತವೊಂದು ನನ್ನ ಮೇಜಿಗೆ ಬಂದಿತ್ತು. ಖಾಲಿ ಬಿದ್ದಿದ್ದ ಕೆಲವು ಚಿತ್ರಕಲಾ ಶಿಕ್ಷಕರ ಹುದ್ದೆಗಳನ್ನು ಭರ್ತಿ ಮಾಡಬೇಕೇ ಎಂಬುದು ಪ್ರಶ್ನೆ. ಅರ್ಥಶಾಸ್ತ್ರ ಓದಿದವನ ಆತ್ಮವಿಶ್ವಾಸದಿಂದ ‘ಸದ್ಯಕ್ಕೆ ಅಗತ್ಯವಿಲ್ಲ’ ಎಂದು ಟಿಪ್ಪಣಿ ಬರೆದೆ. ಗಣಿತಕ್ಕೇ ಶಿಕ್ಷಕರಿಲ್ಲದಿರುವಾಗ ಚಿತ್ರ ಬಿಡಿಸಲು ಕಲಿಸುವವರಿಗೆ ಸಂಬಳವೇಕೆ ಎಂಬುದು ನನ್ನ ಅಂದಿನ ತರ್ಕವಾಗಿತ್ತು.

ಆ ತರ್ಕ ಕುಸಿದದ್ದು ನಿವೃತ್ತಿಯ ಬಳಿಕ, ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ. ಕೆ. ವೆಂಕಟಪ್ಪನವರ ಜಲವರ್ಣ ಚಿತ್ರವೊಂದರ ಮುಂದೆ ನಿಂತಿದ್ದ ಮೊಮ್ಮಗಳು, ‘ತಾತ, ಇದರಲ್ಲಿ ಕೆರೆ ಎಲ್ಲಿ ಮುಗಿಯುತ್ತೆ, ಮಂಜು ಎಲ್ಲಿ ಶುರುವಾಗುತ್ತೆ?’ ಎಂದು ಕೇಳಿದಳು. ಚಿತ್ರದ ಕೆಳಗಿನ ಶೀರ್ಷಿಕೆಯನ್ನಷ್ಟೇ ಓದಿ ಮುಂದೆ ನಡೆಯುತ್ತಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿದ್ದೆ, ನೋಡಿರಲಿಲ್ಲ.

ಚಿತ್ರಕ್ಕೂ ಒಂದು ವರ್ಣಮಾಲೆಯಿದೆ: ಗೆರೆ, ಆಕಾರ, ಬಣ್ಣ, ಛಾಯೆ, ಅವಕಾಶ. ಇವನ್ನು ಜೋಡಿಸಲು ಸಮತೋಲ, ಲಯ, ಐಕ್ಯ ಎಂಬ ವ್ಯಾಕರಣವೂ ಇದೆ. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ವೆಂಕಟಪ್ಪನವರು, ಊಟಿ ಮತ್ತು ಕೊಡೈಕೆನಾಲ್‌ಗಳ ದೃಶ್ಯಗಳಲ್ಲಿ ದೂರವನ್ನು ಕಟ್ಟಿದ್ದು ಛಾಯೆಗಳಿಂದ. ಹತ್ತಿರದ ಗಿಡ ಗಾಢ, ಅದರಾಚೆಯ ಬೆಟ್ಟ ತಿಳಿ, ಇನ್ನೂ ಆಚೆಯದು ಆಕಾಶದಲ್ಲಿ ಕರಗಿಹೋಗುವಷ್ಟು ತೆಳು. ಮಗುವಿನ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು: ಆ ಗಡಿಯನ್ನು ಕಲಾವಿದರು ಬೇಕೆಂದೇ ಎಳೆದಿರಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದವರು ಕೆ.ಕೆ. ಹೆಬ್ಬಾರರು. ಅವರ ಕೃತಿಗಳ ಸಂಗ್ರಹವೂ ಇದೇ ಚಿತ್ರಶಾಲೆಗೆ ಸೇರಿದೆ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಅವರಿಗೆ ಅನೇಕ ಸಲ ಗೆರೆಯೊಂದೇ ಸಾಕಾಗುತ್ತಿತ್ತು. ಕೈಯೆತ್ತದೆ ಎಳೆದಂತಿರುವ ಗೆರೆ ಒಂದೆಡೆ ದಪ್ಪವಾಗಿ, ಇನ್ನೊಂದೆಡೆ ಸಣ್ಣಗಾಗಿ ನರ್ತಕಿಯ ಮೈಯಾಗುತ್ತದೆ. ಬರೆಯದೆ ಬಿಟ್ಟ ಜಾಗ ಅವಳ ಚಲನೆಗೆ ಅವಕಾಶವಾಗುತ್ತದೆ. ಲಯವನ್ನು ಅರಿಯಲೆಂದೇ ಹೆಬ್ಬಾರರು ಕಥಕ್ ಕಲಿತರು. ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು. ಚಿತ್ರದ ಲಯ ಅವರಿಬ್ಬರಿಗೂ ಬರಿಯ ಸಿದ್ಧಾಂತವಾಗಿರಲಿಲ್ಲ.

ಇದೆಲ್ಲ ಕಲಾವಿದರಾಗುವವರಿಗೆ ಮಾತ್ರ ಬೇಕಾದದ್ದಲ್ಲವೇ ಎಂದು ಕೇಳಬಹುದು. ಕನ್ನಡ ಕಲಿತವರೆಲ್ಲ ಕವಿಗಳಾಗುವುದಿಲ್ಲ. ಹಾಗೆಂದು ಯಾರೂ ಕನ್ನಡದ ಪಾಠವನ್ನು ಕೈಬಿಡುವುದಿಲ್ಲ. ಇಂದಿನ ಮಗು ಅಕ್ಷರಕ್ಕಿಂತ ಹೆಚ್ಚಾಗಿ ಚಿತ್ರಗಳ ನಡುವೆ ಬೆಳೆಯುತ್ತಿದೆ. ಜಾಹೀರಾತಿನ ಬಣ್ಣ ಏನನ್ನು ಮರೆಮಾಡುತ್ತಿದೆ, ಛಾಯಾಚಿತ್ರದ ಚೌಕಟ್ಟಿನಿಂದ ಯಾರು ಹೊರಗುಳಿದರು ಎಂದು ಅದು ಕೇಳಬೇಡವೇ? ನನ್ನ ಶಾಸ್ತ್ರದಿಂದಲೇ ಉದಾಹರಣೆ ಕೊಡುವೆ. 100ರಿಂದ 104ಕ್ಕೆ ಏರಿದ ಅಂಕಿಯನ್ನು, ಅಳತೆಗೋಲನ್ನು ಸೊನ್ನೆಯ ಬದಲು 98ರಿಂದ ಆರಂಭಿಸಿ ಸ್ತಂಭಗಳಲ್ಲಿ ತೋರಿಸಿದರೆ, ಎರಡನೆಯ ಸ್ತಂಭ ಮೊದಲನೆಯದರ ಮೂರು ಪಟ್ಟು ಎತ್ತರವಾಗಿ ಕಾಣುತ್ತದೆ. ಅಂಕಿ ಸುಳ್ಳಲ್ಲ, ಆಕಾರ ಸುಳ್ಳು. ಅದನ್ನು ಹಿಡಿಯಲು ಗಣಿತದಷ್ಟೇ ಪಳಗಿದ ಕಣ್ಣೂ ಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆಯನ್ನು ಪಠ್ಯೇತರವೆಂದು ಬೇರ್ಪಡಿಸಬಾರದೆನ್ನುತ್ತದೆ. ಸಂತೋಷ. ಆದರೆ ನೀತಿಯ ವಾಕ್ಯ ತರಗತಿಗೆ ತಲುಪುವುದು ಹುದ್ದೆ, ವೇಳಾಪಟ್ಟಿ ಮತ್ತು ಅನುದಾನಗಳ ಮೂಲಕ. ಚಿತ್ರಕಲೆಯ ಅವಧಿಯನ್ನು ಪರೀಕ್ಷೆ ಸಮೀಪಿಸಿದೊಡನೆ ಬೇರೆ ವಿಷಯಕ್ಕೆ ಬಿಟ್ಟುಕೊಡುವ ಪದ್ಧತಿ ನಿಲ್ಲಬೇಕು. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಚಿತ್ರಶಾಲೆಗೆ ಕರೆದೊಯ್ದು, ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿಸಬೇಕು.

ನನ್ನ ಟಿಪ್ಪಣಿಯಿಂದ ಉಳಿದ ಹಣವೆಷ್ಟೆಂದು ಲೆಕ್ಕ ಹಾಕಬಹುದು. ಆ ಶಾಲೆಗಳ ಮಕ್ಕಳು ನೋಡದೆ ಹೋದದ್ದನ್ನು ಯಾವ ಲೆಕ್ಕಪತ್ರದಲ್ಲಿ ಬರೆಯಲಿ?