ಹೊಸ ದ್ವೀಪಗಳಿಗೆ ಹಳೆಯ ವೈರಿಗಳು

ನಮ್ಮ ಜಠರದ ಹಿಂದೆ ಅಡ್ಡಲಾಗಿರುವ ಅಂಗಕ್ಕೆ ಮೇದೋಜೀರಕ ಗ್ರಂಥಿಯೆಂದು ಹೆಸರು. 1869ರಲ್ಲಿ ಬರ್ಲಿನ್ನಿನ ವೈದ್ಯವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸನು ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸುತ್ತಲಿನವುಗಳಿಗಿಂತ ಬೇರೆಯಾದ ಜೀವಕೋಶಗಳು ಅಲ್ಲಲ್ಲಿ ಗುಂಪುಗೂಡಿರುವುದನ್ನು ವರ್ಣಿಸಿದನು. ಸಮುದ್ರದ ನಡುವಣ ದ್ವೀಪಗಳಂತೆ ತೋರುವ ಈ ಗುಂಪುಗಳು ಇಂದಿಗೂ ಅವನ ಹೆಸರನ್ನೇ ಹೊತ್ತಿವೆ. ಅವುಗಳ ಸಂಖ್ಯೆ ಸುಮಾರು 10 ಲಕ್ಷ; ಎಲ್ಲವನ್ನೂ ಕೂಡಿಸಿದರೂ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ.

ಇಷ್ಟು ಅಲ್ಪವಾದ ಅಂಶಕ್ಕೆ ಅಷ್ಟೇನು ಮಹತ್ತ್ವ? ವಿದ್ಯುತ್ ಇಸ್ತ್ರಿಪೆಟ್ಟಿಗೆಯಲ್ಲಿ ಶಾಖ ಹೆಚ್ಚಿದಾಗ ಪ್ರವಾಹವನ್ನು ಕಡಿದು, ಇಳಿದಾಗ ಮತ್ತೆ ಹರಿಯಗೊಡುವ ಏರ್ಪಾಡನ್ನು ವಾಚಕರು ಬಲ್ಲರು. ದ್ವೀಪಗಳಲ್ಲಿರುವ ಬೀಟಾ ಕೋಶಗಳೂ ಹಾಗೆಯೇ ರಕ್ತದ ಸಕ್ಕರೆಯನ್ನು ಕ್ಷಣಕ್ಷಣಕ್ಕೂ ಅಳೆದು, ಅದಕ್ಕೆ ತಕ್ಕಷ್ಟು ಇನ್ಸುಲಿನ್ನನ್ನು ಸ್ರವಿಸುವುವು. ಒಂದನೆಯ ಬಗೆಯ ಮಧುಮೇಹದಲ್ಲಿ ಈ ಕೋಶಗಳನ್ನು ಕೊಲ್ಲುವವು ದೇಹದ ಸ್ವಂತ ಕಾವಲುಗಾರರಾದ ಬಿಳಿಯ ರಕ್ತಕಣಗಳೇ. 1922ರಿಂದ ಇನ್ಸುಲಿನ್ ಚುಚ್ಚುಮದ್ದು ಅಸಂಖ್ಯ ಜನರನ್ನು ಬದುಕಿಸಿದೆ, ನಿಜ. ಆದರೆ ಹೊರಗಿನಿಂದ ಅಳೆದು ಕೊಟ್ಟ ಮದ್ದು ಹೆಚ್ಚಾದರೆ ಸಕ್ಕರೆ ಕುಸಿದು ರೋಗಿಯು ಎಚ್ಚರ ತಪ್ಪಬಹುದು, ಪ್ರಾಣಕ್ಕೇ ಅಪಾಯವಾಗಬಹುದು.

ಹಾಗಾದರೆ ದ್ವೀಪಗಳನ್ನೇ ಏಕೆ ಕಸಿ ಮಾಡಬಾರದು? 1972ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಬ್ಯಾಲಿಂಜರ್ ಮತ್ತು ಲೇಸಿ ಎಂಬವರು ಇಲಿಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. 2000ದಲ್ಲಿ ಕೆನಡಾದ ಎಡ್ಮಂಟನ್ ನಗರದ ವೈದ್ಯರು ಮೃತ ದಾನಿಗಳ ದ್ವೀಪಗಳನ್ನು ಏಳು ಮಂದಿ ರೋಗಿಗಳ ಯಕೃತ್ತಿಗೆ ರಕ್ತನಾಳದ ಮೂಲಕ ಸೇರಿಸಿದ ವರದಿಯನ್ನು ಪ್ರಕಟಿಸಿದರು. ಏಳು ಮಂದಿಯೂ ಚುಚ್ಚುಮದ್ದಿನಿಂದ ಬಿಡುಗಡೆ ಹೊಂದಿದ್ದರು! ಆದರೆ ಅಲ್ಲಿ ಚಿಕಿತ್ಸೆ ಪಡೆದ ಇನ್ನೂ ಹಲವರನ್ನು ಸೇರಿಸಿ ತೆಗೆದ ಐದು ವರ್ಷಗಳ ಲೆಕ್ಕ 2005ರಲ್ಲಿ ಹೊರಬಂದಾಗ, ಬಹುಮಂದಿಯ ದ್ವೀಪಗಳು ಅಷ್ಟಿಷ್ಟು ಕೆಲಸ ಮಾಡುತ್ತಿದ್ದರೂ, ಚುಚ್ಚುಮದ್ದೇ ಬೇಡವಾಗಿದ್ದವರು ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ.

ಇದಕ್ಕೆ ಕಾರಣವಾದ ವೈರಿಗಳಲ್ಲಿ ಮೂರನ್ನು ನಾವಿಲ್ಲಿ ಪರಿಶೀಲಿಸೋಣ. ಮೊದಲನೆಯದು ರಕ್ತವೇ. ದ್ವೀಪಗಳು ರಕ್ತವನ್ನು ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಅವುಗಳ ಸುತ್ತ ರಕ್ತ ಹೆಪ್ಪುಗಟ್ಟಿ, ಉರಿಯೂತ ಹುಟ್ಟಿ, ಹಲವು ದ್ವೀಪಗಳು ಅಲ್ಲಿಯೇ ನಾಶವಾಗುವುವು. ಎರಡನೆಯದು, ಅನ್ಯರ ಕೋಶಗಳ ಮೈಮೇಲಿರುವ ಗುರುತಿನ ಪ್ರೋಟೀನುಗಳನ್ನು ಕಂಡು ಮೇಲೆ ಬೀಳುವ ಬಿಳಿಯ ಕಣಗಳು. ಮೂತ್ರಪಿಂಡದ ಕಸಿಯಲ್ಲಿಯೂ ಈ ತೊಡಕು ಉಂಟು.

ಮೂರನೆಯದೇ ವಿಚಿತ್ರವಾದುದು. ಅಮೆರಿಕದ ಮಿನೆಸೋಟದಲ್ಲಿ ಮಧುಮೇಹಿಗಳಿಗೆ ಅವರ ತದ್ರೂಪಿ ಅವಳಿಗಳ ಮೇದೋಜೀರಕದ ಒಂದು ಭಾಗವನ್ನೇ ಕಸಿ ಮಾಡಲಾಯಿತು. ಇಬ್ಬರ ಗುರುತಿನ ಪ್ರೋಟೀನುಗಳೂ ಒಂದೇ ಆದುದರಿಂದ ತಿರಸ್ಕಾರವಾಗಬಾರದೆಂದು ಪ್ರತಿರೋಧಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಕೊಡಲಿಲ್ಲ. ಗ್ರಂಥಿಯೇನೋ ಉಳಿಯಿತು, ಆದರೆ ಅದರೊಳಗಿನ ಬೀಟಾ ಕೋಶಗಳು ಮಾತ್ರ ಆರಿಸಿ ತೆಗೆದಂತೆ ನಾಶವಾಗಿ ಮಧುಮೇಹ ಮರುಕಳಿಸಿತು. 1984ರಲ್ಲಿ ಪ್ರಕಟವಾದ ಈ ಸಂಗತಿಯಿಂದ ನಾವು ತಿಳಿಯತಕ್ಕದ್ದು ಇಷ್ಟು: ರೋಗದ ನೆಲೆ ಗ್ರಂಥಿಯಲ್ಲಿ ಮಾತ್ರವಲ್ಲ, ಕಾವಲುಗಾರರ ನೆನಪಿನಲ್ಲಿಯೂ ಇದೆ.

ಔಷಧಗಳಿಂದ ಕಾವಲುಗಾರರನ್ನು ಮಂಕುಗೊಳಿಸಬಹುದು. ಆಗ ಸೋಂಕುಗಳಿಗೂ ಕೆಲವು ಬಗೆಯ ಕ್ಯಾನ್ಸರಿಗೂ ಬಾಗಿಲು ತೆರೆದಂತಾಗುವುದು. ಟ್ಯಾಕ್ರೊಲಿಮಸ್ ಎಂಬ ಮುಖ್ಯ ಔಷಧವಂತೂ ತಾನು ಕಾಯಬೇಕಾದ ಬೀಟಾ ಕೋಶಗಳಿಗೇ ಹಾನಿ ಮಾಡಬಲ್ಲುದು. ಆದುದರಿಂದಲೇ ಸಕ್ಕರೆ ಮುನ್ಸೂಚನೆಯಿಲ್ಲದೆ ಮತ್ತೆ ಮತ್ತೆ ಕುಸಿಯುವವರಿಗೆ ಮುಖ್ಯವಾಗಿ ಈ ಕಸಿಯನ್ನು ಮಾಡುವರು.

2025ರಲ್ಲಿ ಸ್ವೀಡನ್ನಿನ ಉಪ್ಸಾಲದಿಂದ ಹೊಸ ವಾರ್ತೆ ಬಂದಿತು. ದಾನಿಯ ಕೋಶಗಳ ಜೀನುಗಳನ್ನು ತಿದ್ದಿ, ಗುರುತಿನ ಪ್ರೋಟೀನುಗಳನ್ನು ಅಳಿಸಿ, ಕಾವಲುಗಾರರನ್ನು ತಡೆಯುವ ಮತ್ತೊಂದು ಪ್ರೋಟೀನನ್ನು ಹೆಚ್ಚಿಸಿ, ಒಬ್ಬ ರೋಗಿಯ ಮುಂದೋಳಿನ ಸ್ನಾಯುವಿನಲ್ಲಿ ಅವನ್ನು ಇರಿಸಿದ್ದರು. ಪ್ರತಿರೋಧವನ್ನು ತಗ್ಗಿಸುವ ಔಷಧವಿಲ್ಲದೆಯೇ ಅವು 12 ವಾರಗಳ ಬಳಿಕವೂ ಜೀವಂತವಾಗಿದ್ದು ಇನ್ಸುಲಿನ್ನನ್ನು ಸ್ರವಿಸುತ್ತಿದ್ದವು. ಕೋಶಗಳ ಪ್ರಮಾಣ ಅಲ್ಪವಾದುದರಿಂದ ಚುಚ್ಚುಮದ್ದು ತಪ್ಪಲಿಲ್ಲ. ಒಬ್ಬನ ಅನುಭವದಿಂದ ನಿಯಮವನ್ನು ಕಟ್ಟುವುದೂ ಸಲ್ಲದು. ಆದರೂ ದಾರಿಯೊಂದು ಕಂಡಿದೆ. ದ್ವೀಪಗಳನ್ನು ನೆಡುವ ಕೈಚಳಕ ಮನುಷ್ಯನಿಗೆ ಬಂದಾಗಿದೆ. ಕಾವಲುಗಾರರೊಡನೆ ಅವು ನೆಮ್ಮದಿಯಿಂದ ಬಾಳುವಂತೆ ಮಾಡುವುದೇ ಇನ್ನುಳಿದ ಕೆಲಸ. ಅದನ್ನು ಪೂರ್ತಿಗೊಳಿಸುವವರು ಇಂದು ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿಯೂ ಇರಬಹುದು.