ಬೇಡವಾದ ಮಾತು, ಬೇಕಾದ ಎಚ್ಚರಿಕೆ

ಸುಮಾರು 2,600 ವರ್ಷಗಳ ಹಿಂದೆ ಜೆರುಸಲೇಮ್ ನಗರವನ್ನು ಬಾಬಿಲೋನಿನ ಸೈನ್ಯ ಮುತ್ತಿತ್ತು. ಶರಣಾದರೆ ಜೀವ ಉಳಿದೀತು, ಹಟ ಹಿಡಿದರೆ ಊರು ಸುಟ್ಟೀತು ಎಂದು ಪ್ರವಾದಿ ಯೆರೆಮೀಯ ಸಾರಿದ. ಈತ ಸೈನಿಕರ ಧೈರ್ಯಗೆಡಿಸುತ್ತಾನೆಂದು ಅಧಿಕಾರಿಗಳು ದೊರೆಗೆ ದೂರಿತ್ತು, ಅವನನ್ನು ಕೆಸರಿನ ಬಾವಿಗೆ ಇಳಿಸಿದರು. ಎಬೆದ್ಮೆಲೆಕನೆಂಬ ಅರಮನೆಯ ಸೇವಕ ದೊರೆಯ ಅಪ್ಪಣೆ ಪಡೆದು, ಹಗ್ಗ ಕಂಕುಳಿಗೆ ಒತ್ತದಂತೆ ಹಳೆಯ ಬಟ್ಟೆ ಇಳಿಬಿಟ್ಟು ಮೇಲೆತ್ತಿದನೆಂದು ಬೈಬಲ್ ಹೇಳುತ್ತದೆ. ಊರು ಮಾತ್ರ ಉಳಿಯಲಿಲ್ಲ.

ಪ್ರವಾದಿಯದು ದೈವವಾಣಿ, ವಿಜ್ಞಾನಿಯದು ಅಳತೆ, ಲೆಕ್ಕ. ಆದರೂ ಬೇಡವಾದ ಮಾತಿಗೆ ಸಿಗುವ ಸ್ವಾಗತ ಒಂದೇ ಬಗೆಯದು. ಪಶ್ಚಿಮ ಘಟ್ಟದ ಸ್ಥಿತಿ ಅರಿಯಲು ಕೇಂದ್ರ ಸರ್ಕಾರ 2010ರಲ್ಲಿ ಸಮಿತಿಯೊಂದನ್ನು ರಚಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಮಾಧವ ಗಾಡ್ಗೀಳ್ ಅದರ ಅಧ್ಯಕ್ಷರು. ಸೂಕ್ಷ್ಮ ಪ್ರದೇಶಗಳಲ್ಲಿ ಗಣಿ, ಕಲ್ಲುಕ್ವಾರಿಗಳಿಗೆ ಕಡಿವಾಣ ಬೇಕು, ಗ್ರಾಮಸಭೆಗಳ ಮಾತಿಗೆ ಬೆಲೆ ಬೇಕು ಎಂದು 2011ರ ಆಗಸ್ಟ್‌ನಲ್ಲಿ ವರದಿ ಹೇಳಿತು. ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಬಹಿರಂಗಪಡಿಸಲಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಬಿದ್ದು, ಮಾಹಿತಿ ಆಯೋಗ ಆದೇಶಿಸಿ, ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ, 2012ರ ಮೇ ತಿಂಗಳಲ್ಲಿ ಅದು ಬೆಳಕು ಕಂಡಿತು. ಬಾವಿಗೆ ಹಗ್ಗ ಇಳಿಸಿದವರು ಇಲ್ಲೂ ಇದ್ದರು.

ಜಮೀನು, ಜೀವನೋಪಾಯ ಹೋದೀತೆಂಬ ರೈತರ ಭಯವೂ ಸುಳ್ಳಲ್ಲ. ಅದಕ್ಕೆ ಉತ್ತರ ಬೇಕಿತ್ತು. ಆದರೆ ವರದಿಯನ್ನು ಮುಚ್ಚಿಡುವುದು ಉತ್ತರವಲ್ಲ. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಶಿಫಾರಸುಗಳನ್ನು ಸಡಿಲಿಸಿತು. ಅದನ್ನೂ ಕರ್ನಾಟಕದ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ, ಜುಲೈ 30ರಂದು, ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಸತ್ತಿದ್ದರು.

ಇದರ ಹಿಂದಿನ ವಿಜ್ಞಾನ ಸರಳ. ಮರದ ಬೇರು ಮಣ್ಣನ್ನು ಹಿಡಿದಿಡುತ್ತದೆ; ಕಾಡಿನ ನೆಲ ಮಳೆಯನ್ನು ಹೀರಿ ಮೆಲ್ಲಗೆ ಬಿಡುತ್ತದೆ. ಇಳಿಜಾರನ್ನು ಕಡಿದರೆ ಹಿಡಿತ ಸಡಿಲವಾಗುತ್ತದೆ. ಅತಿಮಳೆಗೆ ನೆನೆದ ಮಣ್ಣು ಭಾರವಾಗಿ ಜಾರುತ್ತದೆ. ಕಾಡಿದ್ದರೂ ಕುಸಿತ ಆಗಬಹುದು. ಆದರೆ ಅಪಾಯ ಕಡಿಮೆ.

ನಾಗನೂರಿನವರಿಗೆ ಘಟ್ಟ ದೂರವೆನಿಸಬಹುದು. ಆದರೆ ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಘಟಪ್ರಭೆ ಹುಟ್ಟುವುದು ಅದೇ ಸಹ್ಯಾದ್ರಿಯಲ್ಲಿ. 2019ರ ಆಗಸ್ಟ್‌ನಲ್ಲಿ ಗೋಕಾಕಕ್ಕೆ ನೀರು ನುಗ್ಗಿದ್ದನ್ನು ಇಲ್ಲಿಯ ಮಕ್ಕಳೂ ಕಂಡಿದ್ದಾರೆ. ಮೇಲೆ ಬಿದ್ದ ಮಳೆಯ ಲೆಕ್ಕ ಕೆಳಗಿನವರ ಹೊಸ್ತಿಲಿಗೆ ಬರುತ್ತದೆ.

ಎಚ್ಚರಿಸುವವರೆಲ್ಲರೂ ಸರಿಯೆಂದಲ್ಲ. ಅವರ ಮಾತನ್ನು ಪ್ರಶ್ನಿಸಬೇಕು, ಪರೀಕ್ಷಿಸಬೇಕು. ಪರೀಕ್ಷೆಗೆ ಮೊದಲು ಕೇಳಿಸಿಕೊಳ್ಳಬೇಕು. ವಿದ್ಯಾರ್ಥಿಗಳು ಕಲಿಯಬೇಕಾದ ಮೊದಲ ಪಾಠ ಇದೇ ಅಲ್ಲವೇ?